ಕವಿಯ ಹುಚ್ಚು: ಹೊಗಳಿಕೆಯೋ, ಬೈಗುಳವೋ?

ಕಾವ್ಯಮೀಮಾಂಸೆ ಓದುವಾಗ ನಮ್ಮಲ್ಲಿ ಹಲವರು ಎಡವುವ ಜಾಗ ಇದು. ಪರೀಕ್ಷೆಯಲ್ಲಿ ‘ಗ್ರೀಕ್ ತತ್ವಜ್ಞಾನಿ ಪ್ಲೇಟೋ ಕವಿಯನ್ನು ಹುಚ್ಚನೆಂದ’ ಅಂತ ಒಂದು ಸಾಲು ಗೀಚಿ ಮುಂದೆ ಹೋಗುತ್ತೇವೆ. ನಾನೂ ಮೊದಲ ಸಲ ಹಾಗೇ ಬರೆದಿದ್ದೆ. ಆದರೆ ಅವನ ಎರಡು ಸಂವಾದಗಳಲ್ಲಿ ಆ ಹುಚ್ಚಿಗೆ ಎರಡು ಬಣ್ಣ.

ಮೊದಲನೆಯದು ‘ಅಯಾನ್’. ಅಯಾನ್ ಕವಿಯಲ್ಲ, ಗ್ರೀಕ್ ಮಹಾಕವಿ ಹೋಮರನ ಕಾವ್ಯವನ್ನು ಸಭೆಯಲ್ಲಿ ವಾಚಿಸುವವನು. ನಮ್ಮ ಗಮಕಿಯ ಹಾಗೆ ಅನ್ನಿ. ಹೋಮರನ ಬಗ್ಗೆ ಮಾತ್ರ ಇವನ ನಾಲಗೆ ಹರಿಯುತ್ತದೆ, ಬೇರೆ ಕವಿಗಳ ಮಾತು ಬಂದರೆ ತೂಕಡಿಕೆ. ಸಂವಾದದಲ್ಲಿ ಅವನೊಡನೆ ಮಾತಾಡುವ, ಪ್ಲೇಟೋನ ಗುರು ಸಾಕ್ರಟೀಸ್ ಹೇಳುತ್ತಾನೆ: ಇದು ನಿನ್ನ ವಿದ್ಯೆಯಲ್ಲ ಮಾರಾಯ, ಅಯಸ್ಕಾಂತದ ಕೆಲಸ. ಅಯಸ್ಕಾಂತಕ್ಕೆ ಒಂದು ಕಬ್ಬಿಣದ ಬಳೆ, ಅದಕ್ಕೆ ಇನ್ನೊಂದು ಜೋತುಬಿದ್ದಂತೆ, ಕಾವ್ಯದೇವತೆಗೆ ಕವಿ, ಕವಿಗೆ ವಾಚಕ, ವಾಚಕನಿಗೆ ಕೇಳುಗ. ಮೈಮೇಲೆ ದೇವರು ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುರಾವೆಗೆ ಟಿನ್ನಿಕಸ್ ಎಂಬ ಕವಿಯಿದ್ದಾನೆ: ಜನ್ಮದಲ್ಲಿ ನೆನಪಿಡುವಂಥದ್ದು ಒಂದೇ ಒಂದು ಸ್ತೋತ್ರ ಬರೆದ, ಅದನ್ನು ಊರೆಲ್ಲ ಹಾಡಿತು.

ಕೇಳಲು ಹೊಗಳಿಕೆಯಂತಿದೆ. ಆದರೆ ಇಲ್ಲಿ ಕವಿಯ ಕೈಯಿಂದ ಕಸುಬನ್ನೇ ಕಿತ್ತುಕೊಂಡಾಯಿತಲ್ಲ! ತಮಾಷೆಯೆಂದರೆ ಅಯಾನನೇ ಬಾಯಿಬಿಡುತ್ತಾನೆ: ಕರುಣೆಯ ಭಾಗ ಬಂದಾಗ ನನ್ನ ಕಣ್ಣು ತುಂಬುತ್ತದೆ, ಆದರೂ ವೇದಿಕೆಯಿಂದ ಜನರನ್ನು ಗಮನಿಸುತ್ತಲೇ ಇರುತ್ತೇನೆ, ಅವರು ಅತ್ತರೆ ದುಡ್ಡು ಬಂತೆಂದು ನಾನು ನಗುತ್ತೇನೆ, ನಕ್ಕರೆ ದುಡ್ಡು ಹೋಯಿತೆಂದು ಅಳುತ್ತೇನೆ. ಆವೇಶದಲ್ಲಿರುವವನಿಗೆ ಇಷ್ಟು ಲೆಕ್ಕಾಚಾರ ಎಲ್ಲಿಂದ ಬಂತು? ನನಗಂತೂ ಇಡೀ ಸಂವಾದದ ಜೀವ ಇರುವುದು ಇಲ್ಲೇ ಅನ್ನಿಸುತ್ತದೆ.

ಎರಡನೆಯ ಸಂವಾದ ‘ಫೀಡ್ರಸ್’ನಲ್ಲಿ ಧಾಟಿ ಬೇರೆ. ದೇವರು ಕೊಡುವ ಹುಚ್ಚು ನಾಲ್ಕು ಬಗೆ: ಕಣಿ, ಶುದ್ಧೀಕರಣದ ವಿಧಿ, ಕಾವ್ಯ, ಪ್ರೇಮ. ಈ ಹುಚ್ಚಿಲ್ಲದೆ ಬರೀ ಕಸುಬು ನಂಬಿ ಕಾವ್ಯದ ಬಾಗಿಲು ತಟ್ಟುವವನು ಕೆಲಸಕ್ಕೆ ಬಾರ. ರೋಗದಿಂದ ಬರುವ ಹುಚ್ಚು ಇದಲ್ಲ ಎಂದೂ ಅಲ್ಲಿ ಸ್ಪಷ್ಟವಾಗಿದೆ. ಉತ್ತರ ಬರೆಯುವಾಗ ಬಿಡಬೇಡಿ. ಮುಂದೆ ರೋಮಿನ ಕವಿ ಹೊರೇಸ್ ಇದನ್ನೆಲ್ಲ ಗೇಲಿ ಮಾಡಿದ: ಉಗುರು ಕತ್ತರಿಸದೆ, ಗಡ್ಡ ಬಿಟ್ಟು ತಿರುಗಿದರೆ ಕವಿಯಾಗಿಬಿಡಬಹುದು ಅಂದುಕೊಂಡಿದ್ದಾರೆ ಅಂತ.

ನಮ್ಮ ಆಲಂಕಾರಿಕರೂ, ಅಂದರೆ ಸಂಸ್ಕೃತದಲ್ಲಿ ಕಾವ್ಯಶಾಸ್ತ್ರ ಬರೆದವರೂ, ಕಾವ್ಯ ಹುಟ್ಟುವ ಕಾರಣ ಹುಡುಕಿದರು. ಆದರೆ ‘ಪ್ರತಿಭೆ’ ಎಂದರೆ ಹುಚ್ಚು ಎಂದು ಅನುವಾದಿಸಿಬಿಡಬೇಡಿ. 11ನೇ ಶತಮಾನದ ಕಾಶ್ಮೀರದ ಮಮ್ಮಟ ಶಕ್ತಿ (ಪ್ರತಿಭೆಗೆ ಅವನಿಟ್ಟ ಹೆಸರು), ನಿಪುಣತೆ, ಅಭ್ಯಾಸ ಎಂದು ಮೂರು ಹೇಳಿ, ಕೊನೆಗೆ ‘ಹೇತುಃ’ (ಕಾರಣ) ಎಂದು ಏಕವಚನ ಹಾಕುತ್ತಾನೆ. ಬಹುವಚನವಲ್ಲ ಎಂದು ತನ್ನ ಶ್ಲೋಕಕ್ಕೆ ತಾನೇ ಬರೆದ ವಿವರಣೆಯಲ್ಲಿ (ವೃತ್ತಿ) ಒತ್ತಿ ಹೇಳುತ್ತಾನೆ: ಮೂರೂ ಕೂಡಿ ಒಂದೇ ಕಾರಣ. ಆ ಶಕ್ತಿ ಹೊರಗಿಂದ ಮೈಮೇಲೆ ಬರುವುದಲ್ಲ, ಕವಿಯೊಳಗೇ ಇರುವ ಬೀಜದಂಥ ಸಂಸ್ಕಾರ. ಅದಿಲ್ಲದೆ ಬರೆದರೆ ನಗೆಪಾಟಲು.

ಅವನಿಗಿಂತ ಹಿಂದಿನ ದಂಡಿ ಇಷ್ಟು ಬಿಗಿಯಲ್ಲ. ನಮ್ಮ ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶ ಅವನದೇ. ಪ್ರತಿಭೆ ಇಲ್ಲದಿದ್ದರೂ ಓದಿ ದುಡಿದರೆ ವಾಗ್ದೇವಿ ಒಂದಿಷ್ಟಾದರೂ ಒಲಿಯುತ್ತಾಳೆ, ಕವಿತ್ವ ಬಡಕಲಾದರೂ ಬಲ್ಲವರ ಗೋಷ್ಠಿಯಲ್ಲಿ ಓಡಾಡಿಕೊಂಡಿರಬಹುದು ಎನ್ನುತ್ತಾನೆ. ಪರೀಕ್ಷೆಗೆ ಓದುವ ನಮ್ಮಂಥವರನ್ನು ನೆನೆದೇ ಬರೆದನೋ ಏನೋ.