ಟೇಬಲ್ ಇದೆ, ಪಟ್ಟಿಯಲ್ಲಿ ಕಾಣುತ್ತಿಲ್ಲ

ಡೇಟಾಬೇಸಿನಲ್ಲಿ ಟೇಬಲ್‌ಗಳ ಪಟ್ಟಿ ತೋರಿಸುವ ಆದೇಶವೂ ಒಳಗೊಳಗೆ ಒಂದು ಕ್ವೆರಿಯೇ, ಅಂದರೆ ಮಾಹಿತಿ ಕೇಳುವ ಪ್ರಶ್ನೆಯೇ. ಅದು ಎಲ್ಲವನ್ನೂ ತೋರಿಸುವುದಿಲ್ಲ, ಸೋಸಿ ತೋರಿಸುತ್ತದೆ. ಹಾಗಾಗಿ ಟೇಬಲ್ ಕಾಣಲಿಲ್ಲವೆಂದು ಗಾಬರಿಯಲ್ಲಿ ಬ್ಯಾಕಪ್ ಮರಳಿ ಸುರಿಯಬೇಡಿ. ಯಾವ ಜರಡಿ ಅದನ್ನು ತಡೆಯಿತೆಂದು ಹುಡುಕಿ.

ಮೊದಲು, ನೀವಿರುವುದು ಯಾವ ಡೇಟಾಬೇಸಿನಲ್ಲಿ? ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ವ್ಯವಸ್ಥೆಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ಪ್ರೋಗ್ರಾಂಗೆ ಡೇಟಾಬೇಸಿನ ಹೆಸರು ಕೊಡದಿದ್ದರೆ ಬಳಕೆದಾರರ ಹೆಸರಿನದೇ ಡೇಟಾಬೇಸಿಗೆ ಹೋಗುತ್ತದೆ. ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಇನ್ನೂ ಮೋಸದ್ದು: ಫೋಲ್ಡರ್ ಇದ್ದು ಫೈಲಿನ ಹೆಸರು ತಪ್ಪಾದರೆ ದೂರು ಹೇಳದೆ ಖಾಲಿ ಡೇಟಾಬೇಸನ್ನು ತೆರೆದುಕೊಡುತ್ತದೆ. 'ಪ್ರಾಗ್ಮಾ ಡೇಟಾಬೇಸ್_ಲಿಸ್ಟ್' ಕೊಟ್ಟರೆ ತೆರೆದಿರುವ ಫೈಲಿನ ಪೂರ್ತಿ ವಿಳಾಸ ಸಿಗುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಹೆಚ್ಚಿನವರು ಎಡವುವುದು ಸ್ಕೀಮಾದಲ್ಲಿ, ಅಂದರೆ ಡೇಟಾಬೇಸಿನೊಳಗೆ ಟೇಬಲ್‌ಗಳನ್ನು ಗುಂಪು ಮಾಡಿಡುವ ವಿಭಾಗದಲ್ಲಿ. ಪಿಎಸ್‌ಕ್ಯೂಎಲ್‌ನಲ್ಲಿ ಪಟ್ಟಿ ಕೇಳುವ '\ಡಿಟಿ' ಆದೇಶ ತೋರಿಸುವುದು ಸರ್ಚ್_ಪಾತ್‌ನಲ್ಲಿರುವ (ಹೆಸರುಗಳನ್ನು ಹುಡುಕುವ ಸ್ಕೀಮಾಗಳ ಸಾಲಿನಲ್ಲಿರುವ) ಸ್ಕೀಮಾಗಳ ಟೇಬಲ್‌ಗಳನ್ನು ಮಾತ್ರ. ಡೀಫಾಲ್ಟ್ ಆಗಿ ಅದರಲ್ಲಿರುವುದು ಬಳಕೆದಾರರ ಹೆಸರಿನ ಸ್ಕೀಮಾ ಮತ್ತು ಪಬ್ಲಿಕ್. ಟೇಬಲ್ 'ಸೇಲ್ಸ್' ಸ್ಕೀಮಾದಲ್ಲಿದ್ದರೆ '\ಡಿಟಿ ಸೇಲ್ಸ್.*' ಎನ್ನಬೇಕು, ಎಲ್ಲಿದೆಯೋ ಗೊತ್ತಿಲ್ಲದಿದ್ದರೆ '\ಡಿಟಿ *.*'. ಒಂದೇ ಹೆಸರಿನ ಟೇಬಲ್ ಎರಡು ಸ್ಕೀಮಾಗಳಲ್ಲಿದ್ದರೆ ಪಾತ್‌ನಲ್ಲಿ ಮೊದಲು ಬರುವುದಷ್ಟೇ ಕಾಣುತ್ತದೆ. ಇನ್ನೊಂದು ಸೂಕ್ಷ್ಮ: ಸ್ಕೀಮಾದ ಮೇಲೆ ಯೂಸೇಜ್ ಹಕ್ಕು, ಅಂದರೆ ಅದರೊಳಗಿನದನ್ನು ಬಳಸುವ ಅನುಮತಿ, ಇಲ್ಲದಿದ್ದರೆ, ಪಾತ್‌ಗೆ ಸೇರಿಸಿದರೂ ಸರ್ವರ್ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಹಕ್ಕಿನ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಇನ್ನೊಂದು ಡೇಟಾಬೇಸ್ ವ್ಯವಸ್ಥೆಯಾದ ಮೈಎಸ್‌ಕ್ಯೂಎಲ್‌ನ 'ಶೋ ಟೇಬಲ್ಸ್' ನಿಮಗೆ ಯಾವ ಹಕ್ಕೂ ಇಲ್ಲದ ಟೇಬಲ್‌ಗಳನ್ನು ಮರೆಮಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಗಳ ಪಟ್ಟಿ ಕೊಡುವ 'ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್' ಕೂಡ ಅಷ್ಟೇ, ಆದರೆ ಅದರ ಒಳಗಿನ ದಾಖಲೆಪಟ್ಟಿಯಾದ 'ಪಿಜಿ_ಕ್ಲಾಸ್' ಹಕ್ಕು ನೋಡುವುದಿಲ್ಲ. ಎರಡನ್ನೂ ಹೋಲಿಸಿ: ಮಾಮೂಲಿ ಟೇಬಲೊಂದು ಪಿಜಿ_ಕ್ಲಾಸ್‌ನಲ್ಲಿದ್ದು ಮತ್ತೊಂದರಲ್ಲಿ ಇಲ್ಲದಿದ್ದರೆ ಕೊರತೆ ಹಕ್ಕಿನದು. ನಿನ್ನೆಯವರೆಗಿನ ಟೇಬಲ್‌ಗಳೆಲ್ಲ ಕಂಡು ಇವತ್ತು ರಚಿಸಿದ್ದು ಮಾತ್ರ ಕಾಣದಿದ್ದರೆ ಕಾರಣ ಬಹುಶಃ ಇದು: ಪೋಸ್ಟ್‌ಗ್ರೆಸ್‌ನಲ್ಲಿ ಹಕ್ಕು ಕೊಡುವ 'ಗ್ರಾಂಟ್ ... ಆನ್ ಆಲ್ ಟೇಬಲ್ಸ್' ಆದೇಶ ಆ ಕ್ಷಣದಲ್ಲಿ ಇದ್ದವಕ್ಕಷ್ಟೇ ಅನ್ವಯ. ಮುಂದಿನವಕ್ಕೆ 'ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್' ಬೇಕು, ಅದನ್ನೂ ಟೇಬಲ್ ರಚಿಸುವ ರೋಲ್‌ನ (ಬಳಕೆದಾರ ಖಾತೆಯ) ಹೆಸರಿಗೇ ಮಾಡಬೇಕು.

ಅಕ್ಷರಗಳ ಗೊಂದಲವೂ ಉಂಟು. ಉದ್ಧರಣ ಚಿಹ್ನೆಯಿಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೂ, ಒರಾಕಲ್ ದೊಡ್ಡಕ್ಷರಕ್ಕೂ ತಿರುಗಿಸುತ್ತವೆ. ಚಿಹ್ನೆಯೊಳಗೆ ಮಿಶ್ರ ಅಕ್ಷರಗಳಲ್ಲಿ ರಚಿಸಿದ್ದನ್ನು ಚಿಹ್ನೆ ಹಾಕಿಯೇ ಹುಡುಕಬೇಕು.

ಇಷ್ಟೂ ಸರಿಯಿದ್ದರೆ ಕಮಿಟ್ ಆಗಿದೆಯೇ, ಅಂದರೆ ಬದಲಾವಣೆ ಖಾಯಂ ಆಗಿದೆಯೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ 'ಕ್ರಿಯೇಟ್ ಟೇಬಲ್' ಕೂಡ ಟ್ರಾನ್ಸಾಕ್ಷನ್ನಿನ (ಒಟ್ಟಿಗೆ ಖಾಯಂ ಆಗುವ ಅಥವಾ ಒಟ್ಟಿಗೆ ರದ್ದಾಗುವ ಆದೇಶಗಳ ಗುಂಪಿನ) ಭಾಗ. ಕಮಿಟ್ ಆಗುವ ತನಕ ಬೇರೆ ಸಂಪರ್ಕಗಳಿಗೆ ಕಾಣದು. ಮೈಎಸ್‌ಕ್ಯೂಎಲ್‌ನಲ್ಲಿ ಈ ತೊಡಕಿಲ್ಲ, ಆದರೆ ಅಲ್ಲಿನ ಟೆಂಪೊರರಿ (ತಾತ್ಕಾಲಿಕ) ಟೇಬಲ್‌ಗಳು ರಚಿಸಿದ ಸಂಪರ್ಕದಲ್ಲೇ 'ಶೋ ಟೇಬಲ್ಸ್' ಕೇಳಿದರೂ ಬರುವುದಿಲ್ಲ.