ಪಿ0335 ಬಂತು ಅಂತ ಸೆನ್ಸರ್ ಕೊಳ್ಳಬೇಡಿ

ಬ್ಲೂಟೂತ್ ಸ್ಕ್ಯಾನರ್ ಅಗ್ಗವಾದ ಮೇಲೆ ಗ್ಯಾರೇಜಿಗೆ ಬರುವವರ ಕೈಯಲ್ಲಿ ಕಾರಿನ ಕೀ ಜೊತೆ ಪಾರ್ಟ್ಸ್ ಡಬ್ಬಿಯೂ ಇರುತ್ತದೆ. ಮೊಬೈಲಿನಲ್ಲಿ ಪಿ0335 ಅನ್ನುವ ದೋಷದ ಕೋಡ್ ಕಂಡಿದೆ, ಪಕ್ಕದಲ್ಲೇ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ (ಎಂಜಿನ್ನಿನ ಮುಖ್ಯ ದಂಡ ತಿರುಗುವುದನ್ನು ಗುರುತಿಸುವ ಸಾಧನ) ಅಂತ ಬರೆದಿದೆ, ಅಂಗಡಿಯಿಂದ ಹೊಸದು ತಂದೂ ಆಗಿದೆ. “ಇದೊಂದು ಹಾಕಿಕೊಡಿ, ಸಾಕು.”

ಸ್ವಾಮಿ, ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗೊತ್ತಿರುವುದು ಇಷ್ಟೇ: ಎಂಜಿನ್ ತಿರುಗುತ್ತಿರಬೇಕು, ಆದರೆ ಕ್ರ್ಯಾಂಕ್ ಕಡೆಯಿಂದ ಪಲ್ಸ್ ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಅನ್ನುವುದು ಅದಕ್ಕೂ ತಿಳಿಯದು. ಸೆನ್ಸರ್ ಸತ್ತಿರಬಹುದು. ವೈರ್ ತುಂಡಾಗಿರಬಹುದು, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಒಳಗೆ ನೀರೋ ಆಯಿಲ್ಲೋ ಇಳಿದಿರಬಹುದು, ಪಿನ್ ಸಡಿಲವಾಗಿರಬಹುದು, ಅರ್ಥ್ ಬಿಟ್ಟಿರಬಹುದು. ಎಲ್ಲಕ್ಕೂ ಅದೇ ನಂಬರ್. ಮನೇಲಿ ಲೈಟ್ ಹತ್ತಲಿಲ್ಲ ಅಂದರೆ ಕರೆಂಟ್ ಇದೆಯಾ ನೋಡದೆ ಬಲ್ಬ್ ತರಲು ಓಡುತ್ತೀರಾ?

ಮಲೆನಾಡಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಎರಡನೇ ಹೊಸ ಸೆನ್ಸರ್ ಹಿಡಿದು ಬಂದಿದ್ದರು. ಮೊದಲನೆಯದು ಹಾಕಿಸಿದ ವಾರದಲ್ಲೇ ಘಾಟಿ ತಿರುವಿನಲ್ಲಿ ಗಾಡಿ ಮತ್ತೆ ಆಫ್. “ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದಾನೆ ಕಣಪ್ಪ” ಎಂದು ಕೆಂಡವಾಗಿದ್ದರು. “ಇರಿ ಮೇಷ್ಟ್ರೇ, ಈ ಡಬ್ಬಿ ಸೀಲ್ ಒಡೀಬೇಡಿ” ಅಂದೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡುತ್ತಾ, ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಗೇಣುಗೇಣಾಗಿ ಅಲ್ಲಾಡಿಸುತ್ತಾ ಬಂದೆ. ಸೆಲ್ಫ್ ಮೋಟರ್ ಪಕ್ಕದ ಬ್ರಾಕೆಟ್ ಹತ್ತಿರ ಕೈ ಹೋದದ್ದೇ ಆರ್‌ಪಿಎಂ ಸೊನ್ನೆಗೆ ಬಿದ್ದು ಎಂಜಿನ್ ನಿಂತಿತು. ಟೇಪ್ ಬಿಚ್ಚಿದರೆ ಸಿಗ್ನಲ್ ವೈರಿನ ಮೇಲ್ಪದರ ಸವೆದು ತಾಮ್ರ ಹೊಳೆಯುತ್ತಿತ್ತು. ಹಿಡಿದಿಡುವ ಕ್ಲಿಪ್ ಯಾವಾಗಲೋ ಉದುರಿಹೋಗಿದೆ. ಏರಿನಲ್ಲಿ ಎಂಜಿನ್ ವಾಲಿದಾಗೆಲ್ಲ ವೈರು ಬ್ರಾಕೆಟ್ಟಿಗೆ ತಾಗುತ್ತಿದೆ. ಡಬ್ಬಿ ಸೀಲ್ ಸಮೇತ ಅಂಗಡಿಗೆ ವಾಪಸ್ ಹೋಯಿತು. ಮೊದಲ ಸೆನ್ಸರಿನ ದುಡ್ಡಿಗೆ ಮಾತ್ರ ಮೇಷ್ಟ್ರು ಇನ್ನೂ ಕೊರಗುತ್ತಾರೆ.

ಸೆನ್ಸರ್ ಕೆಡುವುದೇ ಇಲ್ಲ ಅನ್ನುತ್ತಿಲ್ಲ. ಕಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗದವರಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ನನ್ನ ಅನುಮಾನವೂ ಮೊದಲು ಅದರ ಮೇಲೇ. ಆದರೂ ಮೀಟರ್ ಹಿಡಿಯದೆ ಹೇಳಲಾರೆ. ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರಾದರೆ ಓಮ್ಸ್ (ಒಳಗಿನ ಕಾಯಿಲಿನ ರೆಸಿಸ್ಟೆನ್ಸ್) ನೋಡಬಹುದು. ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸು, ಖಚಿತ ಅಂಕಿಗೆ ಆಯಾ ಗಾಡಿಯ ಮ್ಯಾನ್ಯುಯಲ್ಲೇ ಆಧಾರ. ಮೂರು ವೈರಿದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್, ಅಂದರೆ ಹೊರಗಿನ ಕರೆಂಟ್ ಬೇಕಾದ ಎಲೆಕ್ಟ್ರಾನಿಕ್ ಬಗೆ. ಅದಕ್ಕೆ ಓಮ್ಸ್ ಅಳೆಯುವುದು ದಂಡ. ಇಗ್ನಿಷನ್ ಆನ್ ಮಾಡಿ ಕಪ್ಲರ್‌ನಲ್ಲಿ ಸಪ್ಲೈ, ಅರ್ಥ್ ಎರಡೂ ಇದೆಯಾ ನೋಡಬೇಕು. ಸಪ್ಲೈ ಕೆಲವು ಗಾಡಿಗೆ 5 ವೋಲ್ಟ್, ಕೆಲವಕ್ಕೆ 12.

ಗ್ಯಾರೇಜಿಗೆ ಬರುವ ಮುಂಚೆ ಕೋಡ್ ಅಳಿಸಬೇಡಿ. ಅದರ ಜೊತೆ ಆ ಗಳಿಗೆಯ ಎಂಜಿನ್ ಬಿಸಿ, ವೇಗ, ಲೋಡ್ ಎಲ್ಲ ಫ್ರೀಜ್ ಫ್ರೇಮ್‌ನಲ್ಲಿ ಉಳಿದಿರುತ್ತದೆ. ಕ್ಲಿಯರ್ ಒತ್ತಿದರೆ ಅದೂ ಹೋಯಿತು. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ತೋರಿಸುತ್ತದಾ ಅಂತ ಗಮನಿಸಿ ಬನ್ನಿ. ಹಾಗೇ, ಬಾನೆಟ್ ಕೆಳಗೆ ಇಲಿ ಹಿಕ್ಕೆ ಕಂಡಿದ್ದರೆ ಮುಚ್ಚಿಡದೆ ಹೇಳಿಬಿಡಿ. ಮಳೆಗಾಲದಲ್ಲಿ ಎಲ್ಲರ ಗಾಡಿಯಲ್ಲೂ ಇರುವುದೇ.