ಗೀಸರ್ ಬದಲಿಸುವ ಕೆಲಸ ಯಾರದ್ದು?

ಗೀಸರ್ ಕೆಟ್ಟ ದಿನ ಮನೆಯಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಎರಡು ಪೈಪು, ಎರಡು ಬೋಲ್ಟು, ಒಂದು ಪ್ಲಗ್ಗು, ಇಷ್ಟಕ್ಕೆ ಪ್ಲಂಬರ್‌ಗೆ ಯಾಕೆ ದುಡ್ಡು ಕೊಡಬೇಕು, ನಾವೇ ಬಿಚ್ಚಿ ಹಾಕಿದರೆ ಆಗಲ್ವಾ? ಆಗುತ್ತದೆ. ಪೈಪ್ ಕೆಲಸ ಅಷ್ಟೇನೂ ಕಷ್ಟವಲ್ಲ. ಆದರೆ ಗೀಸರ್‌ನಲ್ಲಿ ಅಪಾಯ ಇರುವುದು ಪೈಪಿನಲ್ಲಲ್ಲ. ಅದು ಅರ್ಥಿಂಗ್‌ನಲ್ಲಿದೆ, ಟ್ಯಾಂಕ್ ಒಳಗಿನ ಒತ್ತಡದಲ್ಲಿದೆ, ಅದನ್ನು ಹೊತ್ತ ಗೋಡೆಯಲ್ಲಿದೆ. ಪ್ಲಂಬರ್ ಕರೆಸಿದ ಮಾತ್ರಕ್ಕೆ ಇವು ಸರಿಯಾಗಿಬಿಡುವುದಿಲ್ಲ. ಪ್ಲಂಬರ್ ನೀರು ಸೋರದಂತೆ ಮಾಡಿ ಹೋಗುತ್ತಾರೆ. ಸಾಕೆಟ್ ಹಾಕಿದ ಎಲೆಕ್ಟ್ರೀಷಿಯನ್ ಮನೆ ಕಟ್ಟುವಾಗಲೇ ಬಂದು ಹೋಗಿರುತ್ತಾರೆ. ಇಬ್ಬರ ಮಧ್ಯೆ ಉಳಿಯುವುದನ್ನು ಯಾರೂ ನೋಡಿರುವುದಿಲ್ಲ, ಅದು ಮನೆಯವರ ಪಾಲಿಗೇ ಬರುತ್ತದೆ.

ಮೊದಲು ಒಂದು ವಿಷಯ. ಗೀಸರ್ ಬದಲಿಸಲೇಬೇಕಾ? ನೀರು ಬಿಸಿಯಾಗುತ್ತಿಲ್ಲ ಅಂದರೆ ಬಹುತೇಕ ಸಲ ಕಾಯಿಲ್ ಸುಟ್ಟಿರುತ್ತದೆ, ಇಲ್ಲವೇ ನೀರು ಬೇಕಾದಷ್ಟು ಕಾದ ಮೇಲೆ ಕಾಯಿಲ್ ಆಫ್ ಮಾಡುವ ಥರ್ಮೋಸ್ಟಾಟ್ ಹೋಗಿರುತ್ತದೆ. ಇವೆರಡೂ ಬೇರೆ ಸಿಗುವ ಭಾಗಗಳು, ಬದಲಿಸಬಹುದು. ಟ್ಯಾಂಕೇ ತೂತಾಗಿ ಕೆಳಗಿನಿಂದ ತುಕ್ಕು ನೀರು ಇಳಿಯುತ್ತಿದ್ದರೆ ಮಾತ್ರ ಅದರ ಕಥೆ ಮುಗಿಯಿತು, ಬೆಸುಗೆ ಹಾಕಿಸುವ ಸಾಹಸ ಬೇಡ.

ಕಾಯಿಲ್ ಯಾಕೆ ಸುಡುತ್ತದೆ ಅನ್ನುವುದಕ್ಕೆ ಉತ್ತರ ನಮ್ಮ ಬೋರ್‌ವೆಲ್ ನೀರಿನಲ್ಲಿದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿ ತಾಗಿದರೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದ ಕಲ್ಲು. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಜಾಸ್ತಿ ಕರಗಿದರೆ ಇದು ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ನೀರು ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲೇ, ಅಂದರೆ ಕಾಯಿಲ್ ಮೈಮೇಲೆಯೇ, ಬಿಳಿ ಪದರ ಕಟ್ಟುತ್ತದೆ. ಈ ಪದರ ಶಾಖವನ್ನು ಸರಿಯಾಗಿ ನೀರಿಗೆ ಬಿಡುವುದಿಲ್ಲ. ಒಳಗಿನ ತಂತಿ ಕಾಯುತ್ತಲೇ ಹೋಗುತ್ತದೆ, ಒಂದು ದಿನ ಕಡಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಅಥವಾ ಬೆಂಗಳೂರಿನಲ್ಲಿ ಟ್ಯಾಂಕರ್ ನಂಬಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬಕೆಟ್ ನೋಡಿದರೆ ಗೊತ್ತಾಗುತ್ತದೆ.

ಟ್ಯಾಂಕ್ ತೂತಾಗುವುದರ ಹಿಂದೆ ಇನ್ನೊಂದು ಕಥೆ ಇದೆ. ಈಗಿನ ಹೆಚ್ಚಿನ ಗೀಸರ್‌ಗಳ ಟ್ಯಾಂಕ್ ಉಕ್ಕಿನದು, ಒಳಗೆ ಗಾಜಿನಂಥ ಲೇಪನ. ಲೇಪನದಲ್ಲಿ ಕೂದಲೆಳೆಯ ಬಿರುಕಿದ್ದರೂ ಅಲ್ಲಿಂದ ತುಕ್ಕು ಶುರು. ಅದಕ್ಕೇ ಒಳಗೊಂದು ಮೆಗ್ನೀಸಿಯಂ ಸರಳು ಇಟ್ಟಿರುತ್ತಾರೆ, ಆನೋಡ್ ರಾಡ್ ಅನ್ನುತ್ತಾರೆ. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ತುಕ್ಕಿಗೆ ಮೊದಲು ಬಲಿಯಾಗುವುದು ಅದೇ, ಅದು ಇರುವ ತನಕ ಉಕ್ಕು ಉಳಿಯುತ್ತದೆ. ಈ ಉಪಾಯ 200 ವರ್ಷ ಹಳೆಯದು. 1824ರಲ್ಲಿ ಇಂಗ್ಲಿಷ್ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಹೀಗೆಯೇ ಸತು, ಕಬ್ಬಿಣದ ತುಂಡು ಜೋಡಿಸಿ ಕಾಪಾಡಿದರು. ತಾಮ್ರ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತ ಮೇಲೆ ಅದರ ವಿಷವೂ ಇಲ್ಲವಾಗಿ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮೆತ್ತಿಕೊಂಡವು, ಹಡಗು ನಿಧಾನವಾಯಿತು, ನೌಕಾಪಡೆ ಕೈಬಿಟ್ಟಿತು. ಪಾಪ ಡೇವಿ! ನಮ್ಮ ಬಚ್ಚಲಿನಲ್ಲಿ ಆ ತೊಂದರೆ ಇಲ್ಲ, ಆದರೆ ಉಪ್ಪಿನಂಶ ಜಾಸ್ತಿ ಇರುವ ನೀರಿನಲ್ಲಿ ಸರಳು ಬೇಗ ಸವೆಯುತ್ತದೆ. ಸವೆದು ಮುಗಿದ ಮೇಲೆ ಸರದಿ ಟ್ಯಾಂಕಿನದು. ಸರಳನ್ನು ಸಕಾಲಕ್ಕೆ ಬದಲಿಸಿದ್ದರೆ ಎಷ್ಟೋ ಗೀಸರ್‌ಗಳು ಗುಜರಿಗೆ ಹೋಗುತ್ತಿರಲಿಲ್ಲ.

ಸರಿ, ಹೊಸದು ಬಂತು ಅಂದುಕೊಳ್ಳಿ. ಈಗ ಅರ್ಥಿಂಗ್.

ಕಾಯಿಲ್ ಅಂದರೆ ಒಂದು ಲೋಹದ ಕೊಳವೆ, ಅದರ ನಡುವೆ ನಿಕ್ರೋಮ್ ತಂತಿ, ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಪುಡಿ ಶಾಖ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ. ಕೊಳವೆ ಬಿರುಕು ಬಿಟ್ಟು ನೀರು ಒಳಗೆ ಹೋದರೆ ಪುಡಿ ಒದ್ದೆಯಾಗಿ ಕರೆಂಟ್ ಟ್ಯಾಂಕಿಗೂ ನೀರಿಗೂ ಹರಿಯುತ್ತದೆ. ಒದ್ದೆ ಮೈಯ ಮನುಷ್ಯನ ರೋಧ ಸುಮಾರು 1,000 ಓಮ್ ಅಂತ ಹಿಡಿದರೂ 230 ವೋಲ್ಟ್‌ಗೆ ಮೈಯೊಳಗೆ ಹರಿಯುವುದು 230 ಮಿಲಿ ಆಂಪಿಯರ್. ಎದೆ ಬಡಿತ ಕೆಡಿಸಲು ಅದಕ್ಕಿಂತ ತುಂಬ ಕಡಿಮೆ ಸಾಕು. ಮಜಾ ನೋಡಿ, 16 ಆಂಪಿಯರ್‌ನ ಎಂಸಿಬಿಗೆ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಿಗೆ, ಇದು ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. ನಿಮ್ಮನ್ನು ಕಾಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ತೂಗುತ್ತಿರುತ್ತದೆ, 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ ಕ್ಷಣದೊಳಗೆ ಕಡಿದು ಹಾಕುತ್ತದೆ.

ಸಾಕೆಟ್‌ನಲ್ಲಿ ಮೂರು ತೂತು ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೆ ಮನೆಗಳಲ್ಲಿ ಮೇಲಿನ ದಪ್ಪ ಪಿನ್ನಿನ ಹಿಂದೆ ತಂತಿಯೇ ಇರುವುದಿಲ್ಲ. ಇನ್ನೂ ಕೆಟ್ಟದ್ದು, ಕೆಲವರು ಅದನ್ನು ನ್ಯೂಟ್ರಲ್‌ಗೆ ಸೇರಿಸಿ ಕೈತೊಳೆದುಕೊಂಡಿರುತ್ತಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಗೀಸರ್ ಮೈಯೇ ಫೇಸ್ ಆಗಿಬಿಡುತ್ತದೆ. 2,000 ವಾಟ್ ಗೀಸರ್ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್‌ನ ಚಿಕ್ಕ ಸಾಕೆಟ್‌ಗೆ ಅಡಾಪ್ಟರ್ ಸಿಕ್ಕಿಸಿ ಓಡಿಸುವುದು ಬೆಂಕಿಗೆ ಆಹ್ವಾನ. ಈ ಭಾಗವನ್ನು ಮಾತ್ರ ನೀವೇ ಮಾಡಬೇಡಿ ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕರೆಸಿ, ಅರ್ಥಿಂಗ್ ಅಳೆದು ತೋರಿಸಿ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನು ಒತ್ತಡ. ಹಿಂದಿನ ಹಂಡೆಗೆ ಈ ಕಾಟ ಇರಲಿಲ್ಲ, ಬಾಯಿ ತೆರೆದೇ ಇತ್ತು. ಗೀಸರ್ ಮುಚ್ಚಿದ ಡಬ್ಬ. 25 ಡಿಗ್ರಿಯ ನೀರು 60 ಡಿಗ್ರಿಗೆ ಬಂದರೆ ಸುಮಾರು ನೂರಕ್ಕೆ 1.4ರಷ್ಟು ಹಿಗ್ಗುತ್ತದೆ. 15 ಲೀಟರ್ ಟ್ಯಾಂಕಿನಲ್ಲಿ ಅದು 200 ಮಿಲಿ, ಒಂದು ಲೋಟ. ನೀರನ್ನು ಅಮುಕಿ ಚಿಕ್ಕದು ಮಾಡಲು ಆಗುವುದಿಲ್ಲ. ಆ ಒಂದು ಲೋಟ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ಅದಕ್ಕೇ ತಣ್ಣೀರು ಒಳಬರುವ ಕಡೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ, ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಬಿಸಿ ನೀರು ಹಿಂದಕ್ಕೆ ಹೋಗದಂತೆ ತಡೆಯುವುದೂ ಅದೇ, ಒತ್ತಡ ಮಿತಿ ಮೀರಿದರೆ, ಸಾಮಾನ್ಯವಾಗಿ 8 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಹತ್ತಿರ, ನೀರು ಹೊರಗೆ ಬಿಡುವುದೂ ಅದೇ. ಗೀಸರ್ ಓಡುವಾಗ ಆ ವಾಲ್ವ್‌ನಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ನಮ್ಮವರು ಸೋರುತ್ತಿದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತುತ್ತಾರೆ!

ಥರ್ಮೋಸ್ಟಾಟ್ ಅಂಟಿಕೊಂಡು ಕಾಯಿಲ್ ಆಫ್ ಆಗದೇ ಉಳಿದರೆ, ಅದರ ಹಿಂದೆ, ಶಾಖ ಅತಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಇದೆ. ಅದೂ ಕೈಕೊಟ್ಟರೆ ಉಳಿಯುವುದು ಈ ವಾಲ್ವ್ ಒಂದೇ. ಅದನ್ನು ಮುಚ್ಚಿದರೆ ಏನಾಗುತ್ತದೆ? 8 ಬಾರ್ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 175 ಡಿಗ್ರಿ ತನಕ ನೀರಾಗಿಯೇ ಇರುತ್ತದೆ. ಆಗ ಟ್ಯಾಂಕ್ ಒಡೆದರೆ ಒತ್ತಡ ಇಳಿದು ಅದರ ಏಳರಲ್ಲಿ ಒಂದು ಪಾಲು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆವಿಯಾಗುತ್ತದೆ. 15 ಲೀಟರಿನಲ್ಲಿ 2 ಲೀಟರ್, ಆವಿಯಾಗಿ 3,000 ಲೀಟರಿಗೂ ಮೇಲೆ. ಬಾಗಿಲು, ಗೋಡೆ ಹಾರಿಹೋಗುವುದು ಸುಮ್ನೆ ಅಲ್ಲ.

ನಿಮ್ಮ ಮನೆಯ ಒತ್ತಡ ಎಷ್ಟು ಅಂತ ಅಂದಾಜು ಮಾಡುವುದು ಸುಲಭ. ಮೇಲಿನ ಟ್ಯಾಂಕಿನಿಂದ ಪ್ರತಿ 10 ಮೀಟರ್ ಕೆಳಗೆ ಬಂದರೆ 1 ಬಾರ್. ಎರಡಂತಸ್ತಿನ ಮನೆಯಲ್ಲಿ 1 ಬಾರ್ ಕೂಡ ಇರುವುದಿಲ್ಲ. 20 ಮಹಡಿ ಅಪಾರ್ಟ್‌ಮೆಂಟಿನ ಕೆಳಗಿನ ಫ್ಲಾಟ್‌ನಲ್ಲಿ, ದಾರಿಯಲ್ಲಿ ಒತ್ತಡ ಇಳಿಸುವ ವಾಲ್ವ್ ಇಲ್ಲದಿದ್ದರೆ, 6 ಬಾರ್ ಆಗುತ್ತದೆ. ಗೀಸರ್ ಕೊಳ್ಳುವಾಗ ಅದರ ಮೈಮೇಲಿನ ಬಾರ್ ಸಂಖ್ಯೆ ನೋಡಿ ಅನ್ನುವುದು ಇದಕ್ಕೆ. ಐಎಸ್‌ಐ ಗುರುತು ಇಲ್ಲದ್ದನ್ನಂತೂ ಮುಟ್ಟಬೇಡಿ.

ಗೋಡೆಯ ಮಾತು ಚಿಕ್ಕದು. 25 ಲೀಟರಿನ ಗೀಸರ್ ತುಂಬಿದಾಗ ನೀರೇ 25 ಕಿಲೋ, ಮೇಲೆ ಅದರ ಮೈ ತೂಕ. ಇಟ್ಟಿಗೆ ಅಥವಾ ಗಟ್ಟಿ ಕಾಂಕ್ರೀಟ್ ಬ್ಲಾಕ್ ಆದರೆ ಆಂಕರ್ ಬೋಲ್ಟ್ ಹಿಡಿದುಕೊಳ್ಳುತ್ತದೆ. ಟೊಳ್ಳು ಬ್ಲಾಕ್ ಅಥವಾ ಹಗುರದ ಎಎಸಿ ಬ್ಲಾಕ್ ಆದರೆ ಸಾಧಾರಣ ಆಂಕರ್ ಕಿತ್ತು ಬರುತ್ತದೆ, ಅದಕ್ಕೆ ಬೇರೆಯೇ ಫಿಟ್ಟಿಂಗ್ ಬೇಕು. ಡ್ರಿಲ್ ಮಾಡುವಾಗ ಬರುವ ಪುಡಿಯ ಬಣ್ಣ ನೋಡಿ, ಕೆಂಪೋ ಬೂದಿಯೋ ಬಿಳಿಯೋ, ಗೋಡೆ ಯಾವುದೆಂದು ಅಂದಾಜು ಸಿಗುತ್ತದೆ.

ಇವೆಲ್ಲ ಸರಿ ಇದ್ದರೆ, ಹಳೆಯದರ ಜಾಗದಲ್ಲಿ ಅದೇ ಅಳತೆಯದು ಕೂರಿಸುವುದು ಕೈಚಳಕ ಇರುವ ಯಾರಿಗಾದರೂ ಸಾಧ್ಯ. ಎಂಸಿಬಿ ಆಫ್ ಮಾಡಿ ಪ್ಲಗ್ ಕಿತ್ತಿಡಿ. ತಣ್ಣೀರು ನಿಲ್ಲಿಸಿ ಹಳೆ ಟ್ಯಾಂಕ್ ಖಾಲಿ ಮಾಡಿ, ತುಂಬಿದ ಟ್ಯಾಂಕ್ ಇಳಿಸಲು ಹೋಗಿ ಬೆನ್ನು ಹಿಡಿಸಿಕೊಳ್ಳಬೇಡಿ. ನೀಲಿ ಗುರುತು ತಣ್ಣೀರಿಗೆ, ಕೆಂಪು ಬಿಸಿ ನೀರಿಗೆ. ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಿ, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿ ಬರುತ್ತದೆ. ಬಿಸಿ ನೀರಿನ ಕಡೆಗೆ ಶಾಖ ತಡೆಯುವ ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ಶಾಖಕ್ಕೆ ಮೆತ್ತಗಾಗುತ್ತದೆ. ನೀರು ಬಿಟ್ಟು, ಬಿಸಿ ನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಡುವುದು ನಿಂತು ಧಾರೆ ಸರಾಗವಾಗುವ ತನಕ ಸ್ವಿಚ್ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕಾದರೆ ಹೊಸ ಗೀಸರ್ ಅವತ್ತೇ ಹಾಳು. ಹಾಂ, ಹಲವು ಕಂಪನಿಗಳು ತಮ್ಮ ಜನರೇ ಹಾಕಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಅನ್ನುತ್ತವೆ, ಬಾಕ್ಸ್ ಬಿಚ್ಚುವ ಮೊದಲೇ ಕಾರ್ಡ್ ಓದಿಕೊಳ್ಳಿ.

ಗ್ಯಾಸ್ ಗೀಸರ್ ಬಗ್ಗೆ ಒಂದೇ ಮಾತು, ಬಚ್ಚಲಿನ ಒಳಗೆ ಬೇಡ. ಗಾಳಿ ಸಾಲದಿದ್ದರೆ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದು ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೆಲಸ ಮುಗಿದ ಮೇಲೆ ಗೀಸರ್ ಮೈಮೇಲೆ ಮಾರ್ಕರ್‌ನಲ್ಲಿ ದಿನಾಂಕ ಬರೆದುಬಿಡಿ. ಬೋರ್‌ವೆಲ್ ನೀರಿದ್ದರೆ ವರ್ಷ ಕಳೆಯುತ್ತಿದ್ದಂತೆ ಆನೋಡ್ ಸರಳು ಬಿಚ್ಚಿಸಿ ನೋಡಿಸಿ, ಹೆಬ್ಬೆರಳಿನ ದಪ್ಪ ಇದ್ದದ್ದು ಕಡ್ಡಿಯಾಗಿದ್ದರೆ ಹೊಸದು ಹಾಕಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಲು ಯಾರನ್ನೂ ಕರೆಸಬೇಕಿಲ್ಲ, ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳದಿದ್ದರೆ ಸ್ನಾನಕ್ಕೆ ಮೊದಲು ಎಲೆಕ್ಟ್ರೀಷಿಯನ್‌ಗೆ ಫೋನ್ ಮಾಡಿ.